ಎಷ್ಟು, ಯಾರಿಗೆ, ಯಾವುದರ ಜತೆ?

“ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ತಿಂದಿರಿ, ಏನೇನು ಕುಡಿದಿರಿ?”

ಆಹಾರ ಮತ್ತು ಪೋಷಣೆಯನ್ನು ಓದುವ ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ ಕೇಳುವ ಪ್ರಶ್ನೆ ಇದು. ಹಿಂದಿನ 24 ಗಂಟೆಗಳಲ್ಲಿ ಹೊಟ್ಟೆಗೆ ಹೋದದ್ದನ್ನೆಲ್ಲ ನೆನಪಿಸಿಕೊಂಡು ಹೇಳಿಸುವ ಈ ಪದ್ಧತಿ ನೋಡಲು ಬಲು ಸಲೀಸು. ಕೇಳುತ್ತ ಕೂತಾಗಲೇ ಅದರ ಕಷ್ಟ ಗೊತ್ತಾಗುವುದು. “ಏನಿಲ್ಲಮ್ಮ, ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಊಟ, ರಾತ್ರಿ ಒಂದು ಚಪಾತಿ” ಎಂದು ಒಂದೇ ಉಸಿರಿಗೆ ಮುಗಿಸುವವರೇ ಹೆಚ್ಚು. ಕೆದಕಿದರೆ ಒಂದೊಂದೇ ಹೊರಬರುತ್ತದೆ: ಎದ್ದ ಕೂಡಲೇ ಕುಡಿದ ಕಾಫಿ, ಇಡ್ಲಿಗೆ ಹಾಕಿಕೊಂಡ ತುಪ್ಪ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಸಂಜೆ ಟೀಗೆ ಅದ್ದಿಕೊಂಡ ಬಿಸ್ಕತ್ತು, ಟಿ.ವಿ. ಮುಂದೆ ಕೂತಾಗ ಖಾಲಿಯಾದ ಮಿಕ್ಸ್‌ಚರ್ ಪೊಟ್ಟಣ. ಅನ್ನ ಎಷ್ಟು ಬಡಿಸಿಕೊಂಡಿರಿ ಎಂದರೆ ಎಲ್ಲರದ್ದೂ ಒಂದೇ ಉತ್ತರ: “ಸ್ವಲ್ಪ”. ಆ ‘ಸ್ವಲ್ಪ’ ಒಬ್ಬರ ಮನೆಯಲ್ಲಿ ಅರ್ಧ ಬಟ್ಟಲು, ಪಕ್ಕದ ಮನೆಯಲ್ಲಿ ಮೂರು ಬಟ್ಟಲು. ಅದಕ್ಕೇ ವಿದ್ಯಾರ್ಥಿಗಳು ಅಳತೆಯ ಬಟ್ಟಲು, ಚಮಚಗಳನ್ನು ಜತೆಗೇ ಒಯ್ಯುತ್ತಾರೆ.

ಕೊನೆಗೆ ಮನೆಯೊಡತಿಯ ಸರದಿ. ಆಕೆ ತಿಂದದ್ದನ್ನು ಬರೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಏಕೆಂದರೆ ಬಹಳ ಮನೆಗಳಲ್ಲಿ ಆಕೆಯ ಊಟವೆಂದರೆ ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದು. ಸಾರಿನ ಬೇಳೆ, ಪಲ್ಯದ ಸೊಪ್ಪು ಅಷ್ಟು ಹೊತ್ತಿಗೆ ಬೇರೆಯವರ ತಟ್ಟೆ ಸೇರಿರುತ್ತವೆ. ಒಂದೇ ಒಲೆಯಲ್ಲಿ ಬೆಂದ ಅಡುಗೆ ಒಂದೇ ಮನೆಯ ಐದು ಮಂದಿಗೆ ಐದು ಬಗೆಯ ಊಟವಾಗುತ್ತದೆ ಎಂಬುದು ಈ ಓದಿನ ಮೊದಲ ಪಾಠ.

ಓದು ಶುರುವಾಗುವ ಮೊದಲು ಆಹಾರದ ಬಗ್ಗೆ ಎಲ್ಲರಲ್ಲೂ ಇರುವುದು ಒಂದೇ ಪ್ರಶ್ನೆ: ಇದು ಒಳ್ಳೆಯದೋ, ಕೆಟ್ಟದ್ದೋ? ತುಪ್ಪ ಒಳ್ಳೆಯದಾ, ಅನ್ನ ಕೆಟ್ಟದ್ದಾ, ಬೆಲ್ಲ ತಿನ್ನಬಹುದಾ? ಓದು ಮುಂದುವರಿದಂತೆ ಆ ಪ್ರಶ್ನೆ ಮೂರಾಗಿ ಒಡೆಯುತ್ತದೆ. ಎಷ್ಟು? ಯಾರಿಗೆ? ಯಾವುದರ ಜತೆ?

ಬೆಲ್ಲದ ಲೆಕ್ಕ

‘ಎಷ್ಟು’ ಎಂಬುದಕ್ಕೆ ಉತ್ತರ ಹುಡುಕಲು ವಿದ್ಯಾರ್ಥಿಗಳ ಮೇಜಿನ ಮೇಲೊಂದು ಪುಸ್ತಕವಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕ ಅದು. ದೇಶದ ಆರು ವಲಯಗಳಿಂದ ಮಾದರಿ ತಂದು 528 ಆಹಾರಗಳನ್ನು ಪರೀಕ್ಷೆಗೆ ಒಳಪಡಿಸಿದ ಫಲ. ಇದರ ಪೂರ್ವಜ 1937ರದ್ದು. ನೀಲಗಿರಿಯ ಕೂನೂರಿನಲ್ಲಿದ್ದ ಪ್ರಯೋಗಾಲಯದಿಂದ ಡಬ್ಲ್ಯು.ಆರ್. ಏಕ್ರಾಯ್ಡ್ ಹೊರತಂದ ಪುಸ್ತಿಕೆ. ಕೂನೂರಿನ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು.

ಈ ಕೋಷ್ಟಕ ಕೆಲವು ನಂಬಿಕೆಗಳನ್ನು ಗಟ್ಟಿ ಮಾಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಮುದ್ದೆ ಉಂಡವರು ಗಟ್ಟಿ ಎಂದು ಹಳೇ ಮೈಸೂರಿನ ಹಿರಿಯರು ಹೇಳುತ್ತಿದ್ದುದಕ್ಕೆ ಅಂಕಿಯ ಬೆಂಬಲ ಸಿಗುತ್ತದೆ.

ಕೆಲವು ನಂಬಿಕೆಗಳು ಇಲ್ಲೇ ಸಡಿಲವಾಗುತ್ತವೆ. ರಕ್ತ ಕಡಿಮೆ ಇದ್ದವರಿಗೆ ಬೆಲ್ಲ ತಿನ್ನು ಎನ್ನುವುದು ನಮ್ಮಲ್ಲಿ ವಾಡಿಕೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುವುದು ನಿಜ. ಆದರೆ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಹತ್ತು ಗ್ರಾಂ ತುಂಡಿನಿಂದ ಅರ್ಧ ಮಿಲಿಗ್ರಾಂ ಸಿಗುವುದೂ ಕಷ್ಟ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಬೆಲ್ಲದಿಂದಲೇ ಆ ಲೆಕ್ಕ ತುಂಬಿಸಲು ಹೊರಟರೆ ದಿನಕ್ಕೆ ಅರ್ಧ ಕಿಲೋ ಮೀರಿ ತಿನ್ನಬೇಕಾದೀತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಾಗಿಲು ತಟ್ಟಿರುತ್ತದೆ, ಏಕೆಂದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ಈ ಲೆಕ್ಕ ಒಮ್ಮೆ ಹಾಕಿದವರು ಬೆಲ್ಲವನ್ನು ರುಚಿಗೆ ತಿನ್ನುತ್ತಾರೆ, ಔಷಧಿಯೆಂದು ತಿನ್ನುವುದನ್ನು ಬಿಡುತ್ತಾರೆ.

ಜತೆಗೂಡಿದರೆ ಬಲ

ಕೋಷ್ಟಕದಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ ಎಂಬುದು ಮುಂದಿನ ಪಾಠ. ಕಾಳು, ಧಾನ್ಯ, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದು ಅಲ್ಪಸ್ವಲ್ಪ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ರಾಸಾಯನಿಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜತೆಯಲ್ಲೋ ಬೆನ್ನಿಗೋ ಕುಡಿದ ಕಾಫಿ, ಟೀಯಲ್ಲಿರುವ ಟ್ಯಾನಿನ್ ಇನ್ನಷ್ಟು ತಡೆಯುತ್ತದೆ. ನಿಂಬೆ, ನೆಲ್ಲಿ, ಸೀಬೆಯಲ್ಲಿರುವ ಸಿ ವಿಟಮಿನ್ ಅದೇ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳಲು ನೆರವಾಗುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ–ಟೀ ಬೇಡ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದ್ದು ಈ ಕಾರಣಕ್ಕೆ.

ಇದು ತಲೆಗೆ ಹೋದ ಮೇಲೆ ಅಡುಗೆಮನೆ ಬೇರೆಯದಾಗಿ ಕಾಣುತ್ತದೆ. ಹೆಸರುಬೇಳೆ ಕೋಸಂಬರಿಗೆ ಹಿಂಡುವ ನಿಂಬೆಹಣ್ಣು ಹುಳಿಗಷ್ಟೇ ಸೀಮಿತವಲ್ಲ. ಹುರುಳಿಯನ್ನು ಮೊಳಕೆ ಬರಿಸಿ ಸಾರು ಮಾಡಿದರೆ, ಇಡ್ಲಿ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಲು ಬಿಟ್ಟರೆ ಫೈಟೇಟ್ ಕಡಿಮೆಯಾಗುತ್ತದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮೀಥಿಯೊನೀನ್ ಅಕ್ಕಿಯಲ್ಲಿದೆ. ಸೀರೆ ನೇಯುವಾಗ ಒಂದು ಬಣ್ಣದ ನೂಲು ತೀರಿದರೆ ಉಳಿದ ಬಣ್ಣದ ನೂಲು ಎಷ್ಟಿದ್ದರೂ ಮಗ್ಗ ನಿಲ್ಲುವಂತೆ, ಒಂದು ಅಮೈನೊ ಆಮ್ಲ ಸಾಲದೆ ಹೋದರೆ ದೇಹ ಉಳಿದವನ್ನು ಪೂರ್ತಿ ಬಳಸಿಕೊಳ್ಳಲಾರದು. ಬಿಸಿಬೇಳೆಬಾತ್, ಪೊಂಗಲ್, ಇಡ್ಲಿ–ಸಾಂಬಾರ್, ಜೋಳದ ರೊಟ್ಟಿ–ಕಾಳಿನ ಪಲ್ಯ ಎಲ್ಲದರಲ್ಲೂ ಈ ಕೊಡುಕೊಳ್ಳುವಿಕೆ ಇದೆ.

ಹಾಗೆಂದು ಅಜ್ಜಿ ಮಾಡಿದ್ದೆಲ್ಲ ಸರಿ ಎಂಬ ತೀರ್ಮಾನಕ್ಕೆ ಈ ಓದು ಒಯ್ಯುವುದಿಲ್ಲ. ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ ನೀರಿನಲ್ಲಿ ಕರಗುವ ಬಿ ವಿಟಮಿನ್‌ಗಳೂ ಬಚ್ಚಲು ಸೇರುತ್ತವೆ. ಕಾಳು ಬೇಗ ಬೇಯಲೆಂದು ಹಾಕುವ ಸೋಡಾ ಥಯಾಮಿನ್ ವಿಟಮಿನ್ನನ್ನು ಹಾಳು ಮಾಡುತ್ತದೆ. ಬಾಣಂತಿಗೆ ಸೊಪ್ಪು, ಹಣ್ಣು ಕೊಡದೆ, ನೀರನ್ನೂ ಅಳೆದು ಕೊಡುವ ಪಥ್ಯ ಆಕೆಗೆ ಅತಿ ಹೆಚ್ಚು ಪೋಷಣೆ ಬೇಕಾದ ದಿನಗಳಲ್ಲೇ ತಟ್ಟೆಯನ್ನು ಬರಿದು ಮಾಡುತ್ತದೆ. ಸಂಪ್ರದಾಯವನ್ನು ಸಾರಾಸಗಟು ಒಪ್ಪುವುದಾಗಲಿ, ಸಾರಾಸಗಟು ತಳ್ಳುವುದಾಗಲಿ ಪೋಷಣೆ ಓದಿದವರಿಗೆ ಕಷ್ಟ.

ಇಲ್ಲದ್ದರಿಂದ ಬರುವ ರೋಗ

ಕಾಯಿಲೆಯೆಂದರೆ ಏನೋ ಒಂದು ಹೊರಗಿನಿಂದ ಒಳಹೊಕ್ಕಿದೆ ಎಂದೇ ನಮ್ಮ ಎಣಿಕೆ. ಒಂದು ಕಾಲಕ್ಕೆ ವೈದ್ಯವಿಜ್ಞಾನವೂ ಹಾಗೇ ನಂಬಿತ್ತು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ನರಗಳನ್ನು ಸೋಲಿಸುವ ಬೆರಿಬೆರಿ ಕಾಯಿಲೆಯ ರೋಗಾಣು ಹುಡುಕುತ್ತಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್‌ಗೆ ಕಂಡದ್ದು ಬೇರೆಯೇ. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬಿದ್ದವು. ತವುಡು ಸಹಿತ ಅಕ್ಕಿ ಕೊಟ್ಟಾಗ ಎದ್ದು ನಿಂತವು. ರೋಗ ತಂದದ್ದು ತವುಡಿನೊಂದಿಗೆ ಹೋಗಿಬಿಟ್ಟ ಏನೋ ಒಂದರ ಕೊರತೆ. ಈ ಕೆಲಸಕ್ಕಾಗಿ ಅವರಿಗೆ 1929ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಆ ಬೆರಿಬೆರಿಯ ಪತ್ತೆಗೆಂದೇ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯರ ಪುಟ್ಟ ಘಟಕ ಶುರುವಾಯಿತು. ಭಾರತದ ಬೇರೆ ಬೇರೆ ಪ್ರಾಂತಗಳ ಜನ ಉಣ್ಣುವ ಊಟವನ್ನೇ ಅವರು ಇಲಿಗಳಿಗೆ ತಿನ್ನಿಸಿ ನೋಡಿದರು. ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿಯಿದ್ದ ಪಂಜಾಬಿನ ಸಿಖ್ಖರ ಊಟ ತಿಂದ ಇಲಿಗಳು ಸೊಂಪಾಗಿ ಬೆಳೆದವು. ಪಾಲಿಶ್ ಅಕ್ಕಿಯೇ ಪ್ರಧಾನವಾಗಿದ್ದ ಮದ್ರಾಸ್ ಪ್ರಾಂತದ ಊಟ ತಿಂದವು ತೀರಾ ಬಡಕಲಾದವು.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಇನ್ನೊಂದು ಪತ್ತೆದಾರಿ ನಡೆದಿತ್ತು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ತೀವ್ರ ರಕ್ತಹೀನತೆ ಕಾಡುತ್ತಿತ್ತು. 1928ರಲ್ಲಿ ಬ್ರಿಟನ್ನಿನಿಂದ ಬಂದ ವೈದ್ಯೆ ಲೂಸಿ ವಿಲ್ಸ್ ಆ ಹೆಂಗಸರ ಊಟವನ್ನೇ ಇಲಿಗಳಿಗೂ ಮಂಗಗಳಿಗೂ ಕೊಟ್ಟು ನೋಡಿದರು. ಕೂನೂರಿನಲ್ಲೂ ಕೆಲಸ ಮಾಡಿದರು. ಪ್ರಾಣಿಗಳಿಗೂ ರಕ್ತಹೀನತೆ ಬಂತು. ಗುಣಪಡಿಸಿದ್ದು ಯೀಸ್ಟ್, ಅದರಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು. ಅದನ್ನೇ ಗರ್ಭಿಣಿಯರಿಗೆ ಕೊಟ್ಟಾಗ ಅವರೂ ಚೇತರಿಸಿಕೊಂಡರು. 1931ರಲ್ಲಿ ಈ ವರದಿ ಪ್ರಕಟವಾದಾಗ ಯೀಸ್ಟಿನಲ್ಲಿದ್ದ ಆ ವಸ್ತು ಏನೆಂದು ಯಾರಿಗೂ ತಿಳಿದಿರಲಿಲ್ಲ. ಅದು ಫೋಲಿಕ್ ಆಮ್ಲವೆಂದು ಗೊತ್ತಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಇಂದು ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ಕೈಗೆ ಬರುವ ಕಬ್ಬಿಣ–ಫೋಲಿಕ್ ಮಾತ್ರೆಯ ಹಿಂದೆ ಮುಂಬಯಿಯ ಆ ಗಿರಣಿ ಹೆಂಗಸರಿದ್ದಾರೆ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಅರ್ಜಿ ಹಾಕಿದ ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಕಾರಣಕ್ಕೆ, ನಿರ್ದೇಶಕ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದ್ದರು. ಪಟ್ಟು ಬಿಡದೆ ಸೇರಿಕೊಂಡ ಅವರು ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತು ಸಂಶೋಧನೆ ಮಾಡಿದರು. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ ಬಂದು ಕೂನೂರಿನಲ್ಲೂ ದುಡಿದ ಅವರನ್ನು ಮುಂದೆ ದೇಶ ಕಮಲಾ ಸೊಹೊನಿ ಎಂಬ ಹೆಸರಿನಲ್ಲಿ ಗುರುತಿಸಿತು.

ವಿಜ್ಞಾನವೇ ಮನಸ್ಸು ಬದಲಿಸಿದಾಗ

ಓದಿದವರಿಗೆ ಕಸಿವಿಸಿಯಾಗುವುದು ಪಠ್ಯಪುಸ್ತಕವೇ ಬದಲಾದಾಗ. ಪ್ರೋಟೀನಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ.

1950–60ರ ದಶಕದಲ್ಲಿ ಬಡ ದೇಶಗಳ ಮಕ್ಕಳ ಮುಖ್ಯ ಸಮಸ್ಯೆ ಪ್ರೋಟೀನ್ ಕೊರತೆ ಎಂಬುದು ಜಗತ್ತಿನ ಒಮ್ಮತವಾಗಿತ್ತು. ಪ್ರೋಟೀನ್ ಬಿಕ್ಕಟ್ಟು ಬರಲಿದೆ ಎಂದು 1968ರಲ್ಲಿ ವಿಶ್ವಸಂಸ್ಥೆಯ ವರದಿಯೇ ಎಚ್ಚರಿಸಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಅಗ್ಗದ ಬಹೂಪಯೋಗಿ ಆಹಾರ ತಯಾರಿಸಿದ್ದು ಅದೇ ಚಿಂತೆಯ ಕಾಲದಲ್ಲಿ. ಆದರೆ ಹೈದರಾಬಾದಿನ ಸಂಸ್ಥೆಯ ಸಿ. ಗೋಪಾಲನ್ ಮತ್ತು ಸಂಗಡಿಗರು ಬಡ ಮಕ್ಕಳ ಊಟವನ್ನು ತೂಗಿ ನೋಡಿ ಬೇರೆ ಮಾತು ಹೇಳಿದರು. ಮಕ್ಕಳು ತಿನ್ನುತ್ತಿದ್ದ ಧಾನ್ಯ–ಬೇಳೆಯ ಊಟದಲ್ಲಿ ಪ್ರೋಟೀನ್ ಇತ್ತು. ಆ ಊಟವೇ ಹೊಟ್ಟೆ ತುಂಬುವಷ್ಟು ಇರಲಿಲ್ಲ. ಬೇಕಾದದ್ದು ವಿಶೇಷ ಪುಡಿಗಿಂತ ಮೊದಲು ಇನ್ನೊಂದು ತುತ್ತು. 1974ರಲ್ಲಿ ಪೋಷಣಾ ವಿಜ್ಞಾನಿ ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಪ್ರೋಟೀನ್ ಬೆನ್ನು ಹತ್ತಿದ್ದೇ ದೊಡ್ಡ ಎಡವಟ್ಟೆಂದು ಬರೆದರು.

ಅಲ್ಲಿಗೂ ಕತೆ ಮುಗಿಯಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ತಂಡ ಹೊಸ ವಿಧಾನದಿಂದ ಅಳೆದಾಗ, ವಯಸ್ಕರಿಗೆ ಬೇಕಾದ ಲೈಸೀನ್ ಹಿಂದೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ತಿಳಿಯಿತು. 1985ರಲ್ಲಿ ಮೈತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2007ರ ವರದಿಯಲ್ಲಿ ಅದನ್ನು 30ಕ್ಕೆ ಏರಿಸಿತು. ಅಂದರೆ ಅನ್ನದ ರಾಶಿಗೆ ತಿಳಿಸಾರು ಸುರಿದುಕೊಂಡು ಉಂಡವರಿಗೆ ಹೊಟ್ಟೆ ತುಂಬಿದರೂ ಪ್ರೋಟೀನಿನ ಗುಣಮಟ್ಟ ಸಾಲದಿರಬಹುದು. ಹಾಗಾದರೆ ಡಬ್ಬಿ ಡಬ್ಬಿ ಪ್ರೋಟೀನ್ ಪುಡಿ ಬೇಕೇ? 60 ಕಿಲೋ ತೂಕದ ಆರೋಗ್ಯವಂತರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನಿನಿಂದಲೇ ಅದು ದಕ್ಕುತ್ತದೆ. ಪುಡಿ ಬೇಡವೆಂದು 2024ರ ಮಾರ್ಗಸೂಚಿಯೂ ಹೇಳಿದೆ.

ನಿನ್ನೆ ಹೇಳಿದ್ದನ್ನು ಇಂದು ತಿದ್ದುವ ಶಾಸ್ತ್ರವನ್ನು ನಂಬುವುದು ಹೇಗೆ? ಈ ಮೂರು ಹಂತಗಳಲ್ಲಿ ತಿದ್ದುಪಡಿ ಬಂದದ್ದು ಯಾರದೋ ಅಭಿಪ್ರಾಯದಿಂದಲ್ಲ, ಹೊಸ ಅಳತೆಯಿಂದ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಆಹಾರ ಸಲಹೆಗಳನ್ನು ಯಾರೂ ಎಂದೂ ತಿದ್ದುವುದಿಲ್ಲ.

ಮಿಷನ್ ಆಸ್ಪತ್ರೆಯ ಹಳೇ ದಾಖಲೆ

‘ಯಾರಿಗೆ’ ಎಂಬ ಪ್ರಶ್ನೆಗೆ ಮೈಸೂರಿನಿಂದಲೇ ಜಗತ್ತಿಗೆ ಒಂದು ಉತ್ತರ ಹೋಗಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆ ಉಳಿದುಕೊಂಡಿತ್ತು. ಬ್ರಿಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಮೈಸೂರಿನ ಸಂಶೋಧಕರೊಂದಿಗೆ ಸೇರಿ, ಹಾಗೆ ಹುಟ್ಟಿ ನಡುವಯಸ್ಸು ದಾಟಿದವರನ್ನು ಹುಡುಕಿ ಪರೀಕ್ಷಿಸಿತು. 1996ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಐವತ್ತನೇ ವಯಸ್ಸಿನ ಎದೆನೋವಿನ ಬೇರು ಬಸಿರಿನ ದಿನಗಳಲ್ಲಿ ತಾಯಿ ಉಂಡ, ಉಣ್ಣದ ಊಟದಲ್ಲೂ ಇರಬಹುದೆಂಬ ವಾದಕ್ಕೆ ಇದು ಬಲ ತಂದಿತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಜತೆಗೆ ಒಂದು ಪುಟ ಪ್ರಕಟಿಸಿದರು. ಎತ್ತರ–ತೂಕದ ಲೆಕ್ಕದ ಬಿಎಂಐ ಇಬ್ಬರದ್ದೂ 22.3. ನೋಡಲು ಇಬ್ಬರೂ ತೆಳ್ಳಗೆ. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಸಣ್ಣಗಿರುವ ಭಾರತೀಯರಿಗೂ ಮಧುಮೇಹ ಏಕೆ ಬೇಗ ಬರುತ್ತದೆ ಎಂದು ವಿವರಿಸಲು ತರಗತಿಯಲ್ಲಿ ಇಂದಿಗೂ ಈ ಚಿತ್ರ ತೋರಿಸುತ್ತಾರೆ. “ನಾನು ದಪ್ಪ ಇಲ್ಲ, ನನಗೇನೂ ಆಗಲ್ಲ” ಎಂಬ ಧೈರ್ಯಕ್ಕೆ ಇದಕ್ಕಿಂತ ಚೆನ್ನಾದ ಮದ್ದಿಲ್ಲ.

ಅತಿಯಾದರೆ ಓದೂ ಅಜೀರ್ಣ

ಈ ಓದಿನಲ್ಲಿ ಒಂದು ಅಪಾಯದ ತಿರುವೂ ಇದೆ. ಹೊಸದಾಗಿ ಕಲಿತವರಿಗೆ ದೋಸೆ ಕಂಡರೆ ಎಣ್ಣೆ, ಹೋಳಿಗೆ ಕಂಡರೆ ಕ್ಯಾಲೊರಿ, ಮದುವೆ ಮನೆಯ ಎಲೆ ಕಂಡರೆ ಲೆಕ್ಕದ ಹಾಳೆ ಕಣ್ಣಿಗೆ ಕಟ್ಟುತ್ತದೆ. ಶುದ್ಧ ಆಹಾರದ ಗೀಳೇ ಊಟದ ನೆಮ್ಮದಿ ಕಸಿಯುವ ಈ ಸ್ಥಿತಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್ಮನ್ 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಹಬ್ಬಕ್ಕೆ ಎರಡು ಹೋಳಿಗೆ ತಿಂದವರ ಆರೋಗ್ಯ ಕೆಡುವುದಿಲ್ಲ. ಕೆಡಿಸುವುದು ದಿನವೂ ಗೊತ್ತಿಲ್ಲದೆ ಒಳಸೇರುವುದು.

ಅಮೆರಿಕದಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿಂಡಿ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎದುರಿಗಿಟ್ಟ ಎರಡೂ ಬಗೆಯ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಸಮಸಮ. ಎಷ್ಟು ತಿನ್ನಬೇಕೆಂಬುದು ಅವರವರ ಇಷ್ಟ. ಸಂಸ್ಕರಿಸಿದ ತಿಂಡಿಯ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕ ಸುಮಾರು 900 ಗ್ರಾಂ ಏರಿತು.

ಹಾಗಾಗಿ ಓದಿದವರ ಕಣ್ಣು ಪೊಟ್ಟಣದ ಮುಂಭಾಗಕ್ಕಿಂತ ಬೆನ್ನಿನ ಕಡೆ ಹೋಗುತ್ತದೆ. ಪದಾರ್ಥಗಳನ್ನು ಹೆಚ್ಚಿನ ತೂಕದಿಂದ ಕಡಿಮೆಯ ಕಡೆಗೆ ಅನುಕ್ರಮವಾಗಿ ಬರೆಯಬೇಕೆಂಬ ನಿಯಮವಿದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಹೊರಗಡೆ ಏನು ಬರೆದಿದ್ದರೂ ಅದು ಸಿಹಿತಿಂಡಿಯೇ. ದೇಶದ ಆಹಾರ ಸುರಕ್ಷತಾ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಇಲ್ಲವೆಂದು, ಆ ಹೆಸರಿನ ವಿಭಾಗದಿಂದ ಪೇಯಗಳನ್ನು ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು.

ತಟ್ಟೆಯಿಂದಾಚೆ

ಪೋಷಣೆಯ ಓದು ಕೊನೆಗೆ ಸ್ವಂತ ತಟ್ಟೆ ಬಿಟ್ಟು ಬೀದಿಗಿಳಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ಶೇ 30.1ರಷ್ಟು ಹೆಂಗಸರಿಗೆ ಅತಿತೂಕ. ಹಸಿವೂ ಬೊಜ್ಜೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇವೆ. ಇಂಥಲ್ಲಿ “ದಿನಕ್ಕೊಂದು ಹಣ್ಣು ತಿನ್ನಿ” ಎಂಬ ಉಪದೇಶ ಕೂಲಿಗೆ ಹೋಗುವ ತಾಯಿಯ ಕಿವಿಗೆ ಹೇಗೆ ಕೇಳಿಸೀತು? ಆಕೆಯ ತಟ್ಟೆಗೆ ಏನು ಬರುತ್ತದೆಂಬುದನ್ನು ಆಕೆಯ ಜ್ಞಾನಕ್ಕಿಂತ ಹೆಚ್ಚಾಗಿ ಕೂಲಿ, ಬೇಳೆಯ ಬೆಲೆ, ಪಡಿತರ ಅಂಗಡಿ ನಿರ್ಧರಿಸುತ್ತವೆ.

ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯನ್ನೂ ಶಾಲೆಯ ಮೊಟ್ಟೆಯನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಮೊಟ್ಟೆ ಕೊಡಬೇಕೋ ಬೇಡವೋ ಎಂಬ ವಾದ ರಾಜ್ಯದಲ್ಲಿ ವರ್ಷಗಟ್ಟಲೆ ನಡೆಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಉತ್ತಮ ಗುಣಮಟ್ಟದ ಪ್ರೋಟೀನ್ ಇದೆ. ತೆಳ್ಳನೆಯ ಸಾರು–ಅನ್ನದಲ್ಲಿ ಬೆಳೆಯುವ ಮಗುವಿಗೆ ಆ ಆರು ಗ್ರಾಂ ಸಣ್ಣದಲ್ಲ.

ಆಹಾರ ಸಲಹೆ ಕೊಡುವವರಿಗೆ ಇಂದು ಬರವಿಲ್ಲ. ಆದರೆ 2021ರ ಕೇಂದ್ರ ಕಾಯ್ದೆ ಆಹಾರತಜ್ಞರನ್ನೂ ಪೋಷಣಾ ತಜ್ಞರನ್ನೂ ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಇಂಥದ್ದು ತಿನ್ನಿ, ಇಂಥದ್ದು ಬಿಡಿ ಎನ್ನುವವರು ಎಲ್ಲಿ, ಏನು ಓದಿದ್ದಾರೆಂದು ಕೇಳುವುದು ಅಧಿಕಪ್ರಸಂಗವಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 17 ಸೂತ್ರಗಳಿವೆ. ಸಂಸ್ಥೆಯ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಡಯಟ್ ಪ್ಲ್ಯಾನಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮನೆಯಲ್ಲಿ ಒಬ್ಬರಾದರೂ ಅದನ್ನು ಓದಲಿ. ಇವತ್ತಿನ ಊಟದಿಂದಲೇ ಮಾಡಬಹುದಾದ ಕೆಲಸವೂ ಒಂದಿದೆ: ಅಡುಗೆ ಮಾಡಿದವರಿಗೂ ಎಲ್ಲರ ಜತೆಗೇ ತಟ್ಟೆ ಹಾಕಿ.